ನರ್ಸಿಂಗ್ ಓದುವ ಮಗಳಿಗೆ ಟ್ಯಾಬ್ ಕೊಡಿಸಬೇಕೇ? ಅನುಭವ ಇರುವವರು ತಿಳಿಸಿ

ನಾಪೋಕ್ಲು ಬಳಿಯ ಒಬ್ಬ ತಾಯಿ ಕೇಳಿದ್ದು

ಮಗಳು ಮಡಿಕೇರಿಯ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ವಾರದ ಕೊನೆಗೆ ಮನೆಗೆ ಬಂದರೆ ಇಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಮಳೆ ಹಿಡಿದರೆ ಅದೂ ಇಲ್ಲ, ಕರೆಂಟೂ ಇಲ್ಲ. ಜೊತೆಯವರು ಟ್ಯಾಬ್ ತೆಗೆದುಕೊಂಡಿದ್ದಾರೆ, ಹಣ ಕಟ್ಟುವ ಆ್ಯಪ್ ಹಾಕಿಕೊಂಡಿದ್ದಾರೆ, ಎಐಯನ್ನು ಕೇಳಿ ಓದುತ್ತಾರೆ ಎನ್ನುತ್ತಾಳೆ. ನಮಗೆ ಕೈಗೆ ದುಡ್ಡು ಬರುವುದು ಕಾಫಿ ಮಾರಿದಾಗ. ಯಾವುದಕ್ಕೆ ಖರ್ಚು ಮಾಡಲಿ, ಯಾವುದು ಬೇಡ?

ಸೋಮವಾರಪೇಟೆ ಕಡೆಯ ಸ್ಟಾಫ್ ನರ್ಸ್

ಅಕ್ಕ, ಟ್ಯಾಬ್ ಸದ್ಯಕ್ಕೆ ಬೇಡ. ಈಗಿರುವ ಮೊಬೈಲಿಗೆ ದೊಡ್ಡ ಮೆಮೊರಿ ಕಾರ್ಡ್ ಹಾಕಿಸಿ, ಒಳ್ಳೆಯ ಪವರ್ ಬ್ಯಾಂಕ್ ಕೊಡಿಸಿ. ಮನೆಗೆ ಹೊರಡುವ ಮುಂಚೆ ಹಾಸ್ಟೆಲ್‌ನಲ್ಲೇ ಮುಂದಿನ ವಾರದ ಪಾಠದ ವಿಡಿಯೊಗಳನ್ನು ಇಳಿಸಿಕೊಂಡು ಬರಲಿ. ನಾನೂ ಕನ್ನಡ ಮಾಧ್ಯಮದಿಂದ ಬಂದವಳು. ತರಗತಿಯಲ್ಲಿ ಇಂಗ್ಲಿಷ್ ಪಾಠ ನಮ್ಮನ್ನು ದಾಟಿ ಓಡುತ್ತದೆ, ಕೈ ಎತ್ತಿ ಕೇಳಲು ಸಂಕೋಚ. ವಿಡಿಯೊದ ವೇಗ ತಗ್ಗಿಸಿ, ಕೆಳಗಿನ ಅಕ್ಷರಗಳನ್ನು ಓದಿಕೊಂಡು, ತಿಳಿಯದ ಕಡೆ ನಿಲ್ಲಿಸಿ ಮತ್ತೆ ಕೇಳಬಹುದು. ತಂತ್ರಜ್ಞಾನ ನನಗೆ ಮಾಡಿದ ಅತಿ ದೊಡ್ಡ ಉಪಕಾರ ಇದೇ.

ನೆನಪಿನಲ್ಲಿ ಉಳಿಯಬೇಕಾದ ವಿಷಯಗಳಿಗೆ ಆಂಕಿಡ್ರಾಯ್ಡ್ ಎಂಬ ಉಚಿತ ಆ್ಯಪ್ ಇದೆ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಮತ್ತೆ ಕೇಳುತ್ತದೆ, ನೆಟ್ ಬೇಕಿಲ್ಲ. ಬೇರೆಯವರು ಮಾಡಿಟ್ಟ ಕಾರ್ಡುಗಳನ್ನು ನಕಲು ಮಾಡಿಕೊಳ್ಳುವುದಕ್ಕಿಂತ ತಾನೇ ಬರೆದುಕೊಳ್ಳಲಿ, ಬರೆಯುವಾಗಲೇ ಅರ್ಧ ಕಲಿತಂತೆ.

ಇನ್ನು ಆ್ಯಪ್ ಎಲ್ಲಿಯವರೆಗೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 500 ಎಂ.ಎಲ್. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸಲೈನ್ ಹರಿಸುವ ಕೊಳವೆಯ ಸೆಟ್ಟಿನಲ್ಲಿ 1 ಎಂ.ಎಲ್.ಗೆ 20 ಹನಿ ಎಂದುಕೊಳ್ಳಿ. 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಆ್ಯಪ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಆದರೆ ಸೆಟ್ಟು 20 ಹನಿಯದೋ 60 ಹನಿಯ ಮೈಕ್ರೊ ಸೆಟ್ಟೋ ಎಂಬುದನ್ನು ಪೊಟ್ಟಣದ ಮೇಲೆ ಓದಬೇಕಾದವಳು ನಿಮ್ಮ ಮಗಳೇ. ಆಮೇಲೆ ಹನಿ ಬೀಳುವ ಚೇಂಬರಿಗೆ ಕಣ್ಣು ನೇರ ಮಾಡಿ, ಕೈಗಡಿಯಾರದ ಸೆಕೆಂಡು ಮುಳ್ಳು ನೋಡುತ್ತ ಹನಿ ಎಣಿಸಬೇಕು, ಹರಿವು ಹೆಚ್ಚು ಕಡಿಮೆ ಮಾಡುವ ರೋಲರನ್ನು ಚೂರೇ ಚೂರು ತಿರುಗಿಸಿ ಮತ್ತೆ ಎಣಿಸಬೇಕು. ಅಷ್ಟರಲ್ಲಿ ರೋಗಿ ಮೊಣಕೈ ಮಡಚಿದರೆ ಹನಿಯ ಲೆಕ್ಕ ಬದಲಾಗುತ್ತದೆ. ಸೆಕೆಂಡು ಮುಳ್ಳಿರುವ ಒಂದು ಸಾದಾ ವಾಚು ಕೊಡಿಸಿ ಅಕ್ಕ, ನಾಲ್ಕು ವರ್ಷವೂ ಬೇಕಾಗುತ್ತದೆ.

ವಿರಾಜಪೇಟೆಯ ದಂತವೈದ್ಯಕೀಯ ವಿದ್ಯಾರ್ಥಿ

ನಮಗೆ ಅತಿ ಹೆಚ್ಚು ಕಲಿಸಿದ್ದು ಫೋನಲ್ಲ, ಲ್ಯಾಬಿನಲ್ಲಿರುವ ಸಿಪಿಆರ್ ಬೊಂಬೆ, ಅಂದರೆ ಹೃದಯ ನಿಂತವರ ಎದೆ ಒತ್ತುವುದನ್ನು ಅಭ್ಯಾಸ ಮಾಡುವ ಬೊಂಬೆ. ದೊಡ್ಡವರಿಗೆ ಎದೆ ಒತ್ತುವಾಗ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ ಎಂದು ಓದಿ ಬರೆದರೆ ಅಂಕ ಬರುತ್ತದೆ. ಸರಿಯಾಗಿ ಒತ್ತಿದರೆ ಹಸಿರಾಗುವ ಬೊಂಬೆಯ ದೀಪ ಮಾತ್ರ ಸುಲಭಕ್ಕೆ ಹಸಿರಾಗುವುದಿಲ್ಲ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ನಮ್ಮಲ್ಲಿ ಬಹಳ ಮಂದಿ ಬಿಡುತ್ತಿರಲಿಲ್ಲ, ಅದು ತಿಳಿದದ್ದೇ ಆ ದೀಪದಿಂದ. ಅಂಥ ಬೊಂಬೆ ಕಾಲೇಜಿನಲ್ಲಿದ್ದರೆ, ಬೀರುವಿನಿಂದ ಹೊರಗೆ ತೆಗೆಸಿ ಅಭ್ಯಾಸ ಮಾಡಲಿ. ಇದಕ್ಕೆ ಮನೆಯಿಂದ ಒಂದು ರೂಪಾಯಿಯೂ ಬೇಡ.

ಎಂಬಿಬಿಎಸ್ ವಿದ್ಯಾರ್ಥಿನಿ, ಪೊನ್ನಂಪೇಟೆ

ಆಂಟಿ, ಹಣ ಕಟ್ಟುವ ಆ್ಯಪ್ ತೆಗೆದುಕೊಳ್ಳುವ ಮುಂಚೆ ಕಾಲೇಜಿನ ಗ್ರಂಥಪಾಲಕರ ಹತ್ತಿರ ಹೋಗಲಿ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಇದೆ. ಇ-ಪುಸ್ತಕಗಳು, ವೈದ್ಯಕೀಯ ಸಂಶೋಧನಾ ಪತ್ರಿಕೆಗಳು ಅದರಲ್ಲಿ ಸಿಗುತ್ತವೆ. ಕಾಲೇಜಿನ ಮೂಲಕ ಲಾಗಿನ್ ಕೇಳಬೇಕು. ಎಷ್ಟೋ ಮಂದಿ ಇದು ಇದೆಯೆಂದೇ ತಿಳಿಯದೆ ಕೋರ್ಸು ಮುಗಿಸುತ್ತಾರೆ, ನನಗೆ ಅದು ತುಂಬಾ ಬೇಸರದ ವಿಷಯ.

ಕೊಡಗಿನಲ್ಲಿ ಓದುವವರಿಗೆ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಬರಿಯ ಪುಸ್ತಕದ್ದಲ್ಲ. ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ವಸತಿಗಳಲ್ಲಿ, ಇದರ ತಪಾಸಣೆ ನಡೆಯುತ್ತದೆ. ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ, 2047ರ ಗುರಿ ಇಟ್ಟುಕೊಂಡು. ಕುಡುಗೋಲಿನಂತೆ ಬಾಗಿದ ರಕ್ತಕಣವನ್ನು ನಾನು ಮೊದಲು ಕಂಡದ್ದು ಡಿಜಿಟಲ್ ಸ್ಲೈಡಿನಲ್ಲಿ. ದೊಡ್ಡದು ಮಾಡಿ, ಪಕ್ಕದ ಮಾಮೂಲಿ ಕಣದ ಜೊತೆ ಹೋಲಿಸಿ, ಬೇಕಾದಷ್ಟು ಹೊತ್ತು ನೋಡಿದೆ. ಮೈಕ್ರೊಸ್ಕೋಪಿನ ಮುಂದೆ ಸಾಲು ನಿಂತಾಗ ಅಷ್ಟು ಸಮಯ ಯಾರೂ ಕೊಡುವುದಿಲ್ಲ. ಈ ಕಾಯಿಲೆಯ ಪ್ರಾಥಮಿಕ ತಪಾಸಣೆಯಾದ ಸಾಲ್ಯುಬಿಲಿಟಿ ಪರೀಕ್ಷೆಯನ್ನೂ ವಿಡಿಯೊದಲ್ಲೇ ಮೊದಲು ತಿಳಿದುಕೊಂಡೆ: ಕೊಳವೆಯ ಹಿಂದೆ ಹಿಡಿದ ಕಪ್ಪು ಗೆರೆಗಳು ಕಾಣದಷ್ಟು ದ್ರಾವಣ ಕದಡಿದರೆ ಅನುಮಾನ. ಅದು ಕಾಯಿಲೆಯೋ, ಬರಿಯ ವಾಹಕ ಸ್ಥಿತಿಯೋ (ಕಾಯಿಲೆಯಿಲ್ಲದೆ ಅದರ ಜೀನ್ ಮಾತ್ರ ಇರುವುದೋ) ಎಂದು ತಿಳಿಯಲು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯೋ ಎಲೆಕ್ಟ್ರೊಫೊರೆಸಿಸ್ಸೋ ಬೇಕೇ ಬೇಕು.

ಆದರೆ ಹಾಡಿಯಿಂದ ಬಂದ ಅಜ್ಜಿಯೊಬ್ಬರು ಯರವ ಬುಡಕಟ್ಟಿನ ಮಾತಿನಲ್ಲಿ ನೋವು ಹೇಳಿಕೊಳ್ಳುವಾಗ ನನ್ನ ಫೋನಿನಲ್ಲಿದ್ದ ಯಾವ ಆ್ಯಪೂ ನೆರವಿಗೆ ಬರಲಿಲ್ಲ. ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆಯ ಪಕ್ಕ ಕುಳಿತು, ಎಲ್ಲಿ ನೋವು, ಯಾವಾಗಿನಿಂದ, ಊಟ ಮಾಡಿದಿರಾ ಎಂದು ಕೇಳುವುದನ್ನು ಕಲಿತುಕೊಂಡೆ. ಈಗ ಅವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಿಮ್ಮ ಮಗಳಿಗೆ ಕೊಡವ ತಕ್ಕ್, ಅರೆಭಾಷೆ ಬರುತ್ತಿದ್ದರೆ ವಾರ್ಡಿನಲ್ಲಿ ಅವಳಿಗೆ ಎಲ್ಲರಿಗಿಂತ ಮುಂಚೆ ಕೆಲಸ ಸಿಗುತ್ತದೆ, ನೋಡಿ.

ನರ್ಸಿಂಗ್ ಬೋಧಕಿ, ಮಡಿಕೇರಿ

ಟ್ಯಾಬ್ ವಿಷಯದಲ್ಲಿ ಸೋಮವಾರಪೇಟೆಯ ತಂಗಿ ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಪಿಡಿಎಫ್ ಪುಸ್ತಕವನ್ನು ಸಣ್ಣ ಪರದೆಯಲ್ಲಿ ಅತ್ತಿತ್ತ ಸರಿಸುತ್ತ ಓದಿ ತಲೆನೋವು ಎನ್ನುವ ಮಕ್ಕಳನ್ನು ದಿನವೂ ನೋಡುತ್ತೇನೆ. ಎರಡನೆಯ ವರ್ಷಕ್ಕೆ, ಅನುಕೂಲವಾದರೆ, ಸಾಧಾರಣ ಬೆಲೆಯದೊಂದು ಕೊಡಿಸಿ. ಈಗಿನ ಪಠ್ಯಕ್ರಮದಲ್ಲಿ ಆರೋಗ್ಯ ಮಾಹಿತಿ ತಂತ್ರಜ್ಞಾನವೂ ಒಂದು ವಿಷಯ, ಅಲ್ಲಿಯೂ ಉಪಯೋಗವಾಗುತ್ತದೆ. ಸಾಲ ಮಾಡಿಯಂತೂ ಬೇಡ.

ಎಐ ಬಗ್ಗೆ ಕೇಳಿದಿರಿ. ಕಷ್ಟದ ಪ್ಯಾರಾವನ್ನು ಸರಳ ಕನ್ನಡದಲ್ಲಿ ಹೇಳು, ನನಗೆ ಹತ್ತು ಪ್ರಶ್ನೆ ಕೇಳು ಎನ್ನಲು ಒಳ್ಳೆಯದು, ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಔಷಧದ ಪ್ರಮಾಣಕ್ಕೆ ಮಾತ್ರ ಅದನ್ನು ನಂಬಕೂಡದು. ತರಗತಿಯಲ್ಲಿ ಒಂದು ಸಲ ಎಲ್ಲರೂ ಸೇರಿ ಪರೀಕ್ಷಿಸಿದೆವು. 10 ಕೆ.ಜಿ. ತೂಕದ ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಪ್ಯಾರಾಸಿಟಮಾಲ್ 150 ಮಿ.ಗ್ರಾಂ. ಸಿರಪ್ಪು 5 ಎಂ.ಎಲ್.ಗೆ 120 ಮಿ.ಗ್ರಾಂ.ನದಾದರೆ ಅದು 6 ಎಂ.ಎಲ್.ಗಿಂತ ತುಸು ಹೆಚ್ಚು, 250 ಮಿ.ಗ್ರಾಂ.ನದಾದರೆ 3 ಎಂ.ಎಲ್. ಮಾತ್ರ. ಚಾಟ್‌ಬಾಟ್ ಬಾಟಲಿಯ ಮೇಲೆ ಏನು ಬರೆದಿದೆ ಎಂದು ಕೇಳದೆಯೇ ಇಷ್ಟು ಎಂ.ಎಲ್. ಎಂದು ಹೇಳಿಬಿಟ್ಟಿತು. ಬಾಟಲಿ ಬದಲಾದರೆ ಮಗುವಿನ ಹೊಟ್ಟೆಗೆ ಹೋಗುವುದು ದುಪ್ಪಟ್ಟು. ಅಂದಿನಿಂದ ನಮ್ಮ ಮಕ್ಕಳು ಮೊದಲು ಲೇಬಲ್ ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ಹಿರಿಯರಿಗೆ ತೋರಿಸುತ್ತಾರೆ. ಉತ್ತರ ಬರೆದವಳು ವಿದ್ಯಾರ್ಥಿನಿಯಾದರೂ ಔಷಧ ಕುಡಿಯುವುದು ಮಗು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಅವಳಿಗೆ ಓದಿ ಹೇಳಿ. ರೋಗಿಯ ಗಾಯದ ಚಿತ್ರ, ಎಕ್ಸ್‌ರೇ, ಕೇಸ್ ಶೀಟು ಇವುಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬೇಡವೇ ಬೇಡ. ನಮ್ಮದು ಸಣ್ಣ ಜಿಲ್ಲೆ, ಮನೆತನದ ಹೆಸರು ಕೇಳಿದರೆ ಯಾವ ಊರು, ಯಾರ ಸಂಬಂಧಿಕರು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಕಲಿಕೆಗೆ ಬೇಕೆನಿಸಿದರೆ ಬೋಧಕರನ್ನು ಕೇಳಲಿ, ರೋಗಿಯ ಒಪ್ಪಿಗೆ ಪಡೆದು ಯಾವ ರೀತಿ ದಾಖಲಿಸಬೇಕೆಂದು ನಾವೇ ತೋರಿಸುತ್ತೇವೆ.

ಈ ವರ್ಷಕ್ಕೆ ಪವರ್ ಬ್ಯಾಂಕ್, ಮೆಮೊರಿ ಕಾರ್ಡ್, ವಾಚು ಇಷ್ಟು ಸಾಕು. ಮಿಕ್ಕ ಹಣದಲ್ಲಿ ಅವಳದೇ ಒಂದು ಒಳ್ಳೆಯ ಸ್ಟೆತಸ್ಕೋಪ್ ಕೊಡಿಸಿ. ಹಂಚಿಕೊಂಡ ಸ್ಟೆತಸ್ಕೋಪಿನಲ್ಲಿ ಬಿಪಿಯ ಮೊದಲ ಶಬ್ದ ಹಿಡಿಯುವುದು ಹೊಸಬರಿಗೆ ತುಂಬಾ ಕಷ್ಟವಾಗುತ್ತದೆ.