ಕಾರ್ಖಾನೆ ಇಲ್ಲಿದೆ, ಲಾಭ ಎಲ್ಲಿ?

ಪ್ರಶ್ನೆ:
ಬಹುರಾಷ್ಟ್ರೀಯ ಕಂಪನಿಗಳ ಅಂಗಸಂಸ್ಥೆಗಳ ಮಾರಾಟ ವರ್ಷವರ್ಷವೂ ಏರುತ್ತಿದ್ದರೂ ಎಷ್ಟೋ ಕಡೆ ಲೆಕ್ಕಪತ್ರದಲ್ಲಿ ಬರೀ ನಷ್ಟ, ಇಲ್ಲವೇ ಚೂರುಪಾರು ಲಾಭ. ಇದು ಹೇಗೆ ಸಾಧ್ಯ? ಹೂಡಿಕೆದಾರರನ್ನು ಓಡಿಸದೆ ಬಡ ದೇಶವೊಂದು ತನ್ನ ಪಾಲು ಉಳಿಸಿಕೊಳ್ಳುವುದು ಹೇಗೆ?

ಉತ್ತರ 1:
ಮೊದಲು ವಾರ್ಷಿಕ ವರದಿಯಲ್ಲಿ ‘ಸಂಬಂಧಿತ ಪಕ್ಷಗಳ ವ್ಯವಹಾರ’ (ಒಂದೇ ಒಡೆತನದ ಕಂಪನಿಗಳ ನಡುವಿನ ಕೊಡು-ಕೊಳ್ಳುವಿಕೆ) ಎಂಬ ಟಿಪ್ಪಣಿ ತೆಗೆದು ನೋಡಿ. ಗುಟ್ಟೆಲ್ಲ ಅಲ್ಲೇ ಇರುತ್ತದೆ. ಮಾರಾಟ 100 ಎಂದಿಟ್ಟುಕೊಳ್ಳಿ. ಸೋದರ ಕಂಪನಿಯಿಂದ ತರಿಸಿದ ಬಿಡಿಭಾಗಕ್ಕೆ 62, ಬ್ರ್ಯಾಂಡ್ ರಾಯಲ್ಟಿ 5, ಆಡಳಿತ ಸೇವಾ ಶುಲ್ಕ 4, ಮಾತೃಸಂಸ್ಥೆ ಕೊಟ್ಟ ಸಾಲದ ಬಡ್ಡಿ 8, ಸ್ಥಳೀಯ ಸಂಬಳ-ಬಾಡಿಗೆ 20. ಉಳಿದದ್ದು 1. ಅದೇ ಬಿಡಿಭಾಗ ಹೊರಗಿನವರಿಂದ 50ಕ್ಕೆ ಸಿಗುವಂತಿದ್ದರೆ ಲಾಭ 13 ಆಗುತ್ತಿತ್ತು; ಆ 12 ಹೊರದೇಶದ ಸೋದರ ಕಂಪನಿಯ ಲೆಕ್ಕಕ್ಕೆ ಹೋಯಿತು. ತೆರಿಗೆ ದರ 25% ಇದ್ದರೆ ಸರ್ಕಾರಕ್ಕೆ 3.25 ಬರಬೇಕಾದಲ್ಲಿ ಬರುವುದು 0.25.

ಸಂಬಂಧವಿಲ್ಲದ ಇಬ್ಬರ ನಡುವೆ ಕುದುರುವ ಬೆಲೆಯನ್ನೇ ಹಾಕಬೇಕು ಎಂದು ಬಹುತೇಕ ದೇಶಗಳ ಕಾನೂನು ಹೇಳುತ್ತದೆ. ಬೋಲ್ಟು-ನಟ್ಟಿಗೆ ಹೋಲಿಕೆ ಬೆಲೆ ಸಿಗುತ್ತದೆ. ಪೇಟೆಂಟ್, ಬ್ರ್ಯಾಂಡ್, ಸಾಫ್ಟ್‌ವೇರ್‌ಗೆ ಎಲ್ಲಿಂದ ತರುವುದು? ತೆರಿಗೆ ಅಧಿಕಾರಿಗಳು ಕೈಸೋಲುವುದು ಇಲ್ಲೇ.

ಉತ್ತರ 2:
ಅದಕ್ಕೇ ಪರಿಣತರು ಕಡಿಮೆ ಇರುವ ದೇಶಗಳಿಗೆ ಸರಳ ನಿಯಮವೇ ಮೇಲು. ಬಡ್ಡಿಯ ವಿಷಯದಲ್ಲಿ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಸೂಚಿಸಿರುವ ಮಿತಿ ಇದೆ: ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಗಳಿಕೆಯ 10ರಿಂದ 30%. ಅದನ್ನು ಮೀರಿದ ಬಡ್ಡಿಯನ್ನು ಖರ್ಚೆಂದು ಒಪ್ಪುವುದಿಲ್ಲ. ಸೋದರ ಕಂಪನಿಗೆ ಮಾರುವ ಅದಿರು, ಧಾನ್ಯದಂಥ ಸರಕಿಗೆ ಹಡಗು ಹೊರಟ ದಿನದ ಬಹಿರಂಗ ಮಾರುಕಟ್ಟೆ ದರವನ್ನೇ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಅದಿರಿನ ಗುಣಮಟ್ಟವನ್ನು ಸರ್ಕಾರವೇ ತನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ತಾಮ್ರದ ಸಾಂದ್ರಣದ (ಕಲ್ಲುಮಣ್ಣು ಬೇರ್ಪಡಿಸಿದ ಅದಿರಿನ ಪುಡಿ) ಜೊತೆ ಹೋಗುವ ಚಿನ್ನವನ್ನು ಬಿಲ್ಲಿನಲ್ಲಿ ಕಡಿಮೆ ತೋರಿಸಿದರೆ ದರ ಸರಿಯಿದ್ದೂ ಪ್ರಯೋಜನವಿಲ್ಲ.

ಉತ್ತರ 3:
ತೆರಿಗೆ ಅರ್ಧ ಮಾತು. ಸ್ವಾವಲಂಬನೆಯ ಪ್ರಶ್ನೆ ಬಂದಾಗ ಕೆಲಸದ ಯಾವ ಹಂತ ಯಾರ ನೆಲದಲ್ಲಿ ನಡೆಯುತ್ತದೆ ಎಂಬುದೇ ನನಗೆ ಮುಖ್ಯ. ಆಫ್ರಿಕಾದ ಬೋಟ್ಸ್ವಾನಾ, ವಜ್ರದ ದೈತ್ಯ ಕಂಪನಿ ಡಿ ಬೀರ್ಸ್ ಜೊತೆಗಿನ ಡೆಬ್ಸ್ವಾನಾ ಗಣಿ ಕಂಪನಿಯಲ್ಲಿ ಅರ್ಧ ಪಾಲು ಪಡೆದು ಅಷ್ಟಕ್ಕೇ ನಿಲ್ಲಲಿಲ್ಲ. ವಜ್ರ ಮಾರಾಟ ಒಪ್ಪಂದದ ನವೀಕರಣದ ಹೊತ್ತಿಗೆ ಪಟ್ಟು ಹಿಡಿದು, ಲಂಡನ್ನಿನಲ್ಲಿದ್ದ ಡಿ ಬೀರ್ಸ್‌ನ ಕಚ್ಚಾ ವಜ್ರ ಮಾರಾಟವನ್ನು 2013ರಲ್ಲಿ ತನ್ನ ರಾಜಧಾನಿ ಗ್ಯಾಬರೋನಿಗೆ ತರಿಸಿಕೊಂಡಿತು.

ಇಂಡೋನೇಷ್ಯಾ 2020ರ ಜನವರಿಯಿಂದ ನಿಕಲ್ ಅದಿರಿನ ರಫ್ತನ್ನೇ ನಿಲ್ಲಿಸಿತು. ಕರಗಿಸುವ ಘಟಕಗಳು ಸಾಲುಸಾಲಾಗಿ ಎದ್ದವು. ಐರೋಪ್ಯ ಒಕ್ಕೂಟದ ದೂರಿನ ಮೇಲೆ 2022ರಲ್ಲಿ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸಮಿತಿ ಇಂಡೋನೇಷ್ಯಾದ ವಿರುದ್ಧ ತೀರ್ಪು ಕೊಟ್ಟಿತು, ಇಂಡೋನೇಷ್ಯಾ ಮೇಲ್ಮನವಿ ಹಾಕಿತು. ಆದರೆ ಆ ಘಟಕಗಳಲ್ಲಿ ಚೀನಾದ ಬಂಡವಾಳ, ತಂತ್ರಜ್ಞಾನವೇ ಹೆಚ್ಚು. ಅದಿರು ಉಳಿಯಿತು, ವಿದ್ಯೆ ಇನ್ನೂ ಪೂರ್ತಿ ಕೈಸೇರಿಲ್ಲ.

‘ಇಂತಿಷ್ಟು ಬಿಡಿಭಾಗ ದೇಶದೊಳಗೇ ಕೊಳ್ಳಿ’ ಎಂಬ ಷರತ್ತಿಗೂ 1995ರ ಟ್ರಿಮ್ಸ್ ಒಪ್ಪಂದ (ವ್ಯಾಪಾರಕ್ಕೆ ಸಂಬಂಧಿಸಿದ ಹೂಡಿಕೆ ಷರತ್ತುಗಳ ಬಗೆಗಿನ ಡಬ್ಲ್ಯುಟಿಒ ಒಪ್ಪಂದ) ಅಡ್ಡ ಬರುತ್ತದೆ. ಸ್ಥಳೀಯ ಪೂರೈಕೆದಾರರಿಗೆ ಪರೀಕ್ಷಾ ಪ್ರಯೋಗಾಲಯ, ಅಚ್ಚು ತಯಾರಿಯ ತರಬೇತಿ ಒದಗಿಸುವುದಕ್ಕೆ ಆ ಅಡ್ಡಿಯಿಲ್ಲ. ಹಣ ಅಲ್ಲಿ ಸುರಿಯಬೇಕು.

ಉತ್ತರ 4:
ಒಂದು ಸೇರಿಸುತ್ತೇನೆ. ಸಹಿ ಹಾಕುವ ಮುನ್ನ ‘ಸ್ಥಿರತೆ’ ಷರತ್ತು ಹುಡುಕಿ. ಒಪ್ಪಂದದ ದಿನದ ತೆರಿಗೆ ದರವನ್ನೇ ಗಣಿಯ ಆಯಸ್ಸಿನುದ್ದಕ್ಕೂ ಕಟ್ಟಿಹಾಕಿದ್ದರೆ ಮೇಲೆ ಹೇಳಿದ ಎಷ್ಟೋ ಹೊಸ ನಿಯಮಗಳು ಆ ಕಂಪನಿಗೆ ತಾಗುವುದೇ ಇಲ್ಲ. ಕೊಡಲೇಬೇಕಾದರೆ ಆ ಭರವಸೆಯನ್ನು ದರಕ್ಕೆ ಮಾತ್ರ ಕೊಡಿ, ಇಂತಿಷ್ಟೇ ವರ್ಷ ಎಂದು ಗಡುವು ಹಾಕಿ. ಲಾಭ ವರ್ಗಾವಣೆ ತಡೆಯುವ ನಿಯಮಗಳನ್ನು ಅದರಿಂದ ಹೊರಗಿಡಿ.