ಬರೀ ಬಿಯರ್ ಅಂತ ಸಸಾರ ಮಾಡಬೇಡ ಮಗಳೇ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಶನಿವಾರ ಬೀಗರೂಟಕ್ಕೆ ಅಳಿಯಂದಿರು ಬೈಕಲ್ಲಿ ಹೋಗುತ್ತಾರೆ, ಹಾಟ್ ಮುಟ್ಟಲ್ಲ, ಬರೀ ಬಿಯರ್, ಏನೂ ಆಗಲ್ಲ ಅಲ್ವಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬಿಯರ್ ಅಂತ ಸಸಾರ ಮಾಡಬೇಡ ಮಗಳೇ. ನಿಮ್ಮ ದೊಡ್ಡಪ್ಪ ಕುಡಿದಿದ್ದೂ ಬರೀ ಬಿಯರೇ.

1998ರಲ್ಲಿ, ಅರಸೀಕೆರೆ ಮನೆಯಲ್ಲಿ, ಅದೂ ಬೀಗರೂಟದ ದಿನವೇ. ರಾತ್ರಿ ಹಿತ್ತಲ ಮೆಟ್ಟಿಲು ಇಳಿಯುವಾಗ ಜಾರಿ ಬಟ್ಟೆ ಒಗೆಯುವ ಕಲ್ಲಿಗೆ ತಲೆ ಹೊಡೆಸಿಕೊಂಡರು. ಒಂದು ತೊಟ್ಟು ರಕ್ತ ಇಲ್ಲ, ಕಿವಿಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಅಷ್ಟೇ. ನಶೆ ಇಳಿಯಲಿ, ಮಲಗಿಸು ಅಂದರು ಎಲ್ಲರೂ. ನಾನೂ ಜಮಖಾನ ಹಾಸಿ ಮಲಗಿಸಿಬಿಟ್ಟೆ. ಬೆಳಗಿನ ಜಾವ ಗೊರಕೆ ಯಾಕೋ ಬೇರೆ ಥರ ಕೇಳಿಸಿತು, ಟಾರ್ಚ್ ಬಿಟ್ಟು ನೋಡಿದರೆ ವಾಂತಿ ಆಗಿದೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿದೆ, ಎಷ್ಟು ಕೂಗಿದರೂ ಏಳಲಿಲ್ಲ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆಗ 108 ಎಲ್ಲಿತ್ತು, ಪಕ್ಕದ ಮನೆಯವರ ವ್ಯಾನಲ್ಲಿ ಹಾಸನಕ್ಕೆ ಹೊತ್ತೊಯ್ದೆವು. ಜೀವ ಉಳಿಯಿತು, ಬಲಗೈ ಬರಲೇ ಇಲ್ಲ. ಹನ್ನೊಂದು ವರ್ಷ ಅವರ ಅಂಗಿ ಗುಂಡಿ ನಾನೇ ಹಾಕಿದ್ದೇನೆ.

ಆಮೇಲೆ ಡಾಕ್ಟರು ಚೀಟಿ ಹಿಂದೆ ಲೆಕ್ಕ ಬರೆದು ತೋರಿಸಿದರು. 650 ಎಂಎಲ್‌ನ ಸ್ಟ್ರಾಂಗ್ ಬಿಯರ್, ಶೇ. 8ರದ್ದು, ಒಂದು ಬಾಟಲಿ ಅಂದರೆ ಎರಡು ಲಾರ್ಜ್ ಪೆಗ್ ವಿಸ್ಕಿಯಷ್ಟೇ. ಇವರು ಮೂರು ಕುಡಿದಿದ್ದರು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಬಿಯರ್ ಅಂತ ಸಸಾರ ಮಾಡಬೇಡ.

ಅವತ್ತು ಇನ್ನೊಂದು ತಗೊಳ್ಳಿ ಭಾವ, ಇನ್ನೊಂದು ತಗೊಳ್ಳಿ ಅಂತ ಬಾಟಲಿ ತೆಗೆದುಕೊಟ್ಟವರು ಯಾರು ಅಂತ ಈ ಗ್ರೂಪಲ್ಲಿ ಎಲ್ಲರಿಗೂ ಗೊತ್ತು. ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದೆವು. ಒಬ್ಬರಾದರೂ ಒಂದು ಫ್ಲಾಸ್ಕ್ ಕಾಫಿ ತಂದರಾ? ನನ್ನ ಅವಲಕ್ಕಿ ಸರ ಅಡ ಇಟ್ಟಿದ್ದು ಬಿಡಿಸಿಕೊಳ್ಳಲು ಆಗಲೇ ಇಲ್ಲ. ಅದರ ಮೇಲೆ, ಹೆಂಡತಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ನನಗೇ ಅಂದರು.

ಅಯ್ಯೋ, ನೀನು ಕೇಳಿದ್ದಕ್ಕೆ ಹೇಳಲೇ ಇಲ್ಲ. ಬೈಕ್ ಕೀ ನೀನೇ ಇಟ್ಟುಕೋ, ಹೋಗಿ ಬರಲು ಆಟೋ ಮಾಡಿಕೊಡು. ಅಕಸ್ಮಾತ್ ಬಿದ್ದು ತಲೆಗೆ ಏಟಾದರೆ ನಶೆ ಅಂತ ಮಲಗಿಸಬೇಡ, ಆಸ್ಪತ್ರೆಗೆ ಹೋಗಿ ಎಷ್ಟು ಕುಡಿದಿದ್ದಾರೆ ಅಂತ ಮುಚ್ಚಿಡದೆ ಹೇಳು. ವಾಂತಿ ಮಾಡಿದರೆ, ಕರೆದರೂ ಏಳದಿದ್ದರೆ ತಕ್ಷಣ 108. ಅವರು ಬರುವ ತನಕ ಅಂಗಾತ ಬಿಡಬೇಡ, ಮಗ್ಗುಲಿಗೆ ತಿರುಗಿಸು, ಕತ್ತು ತಿರುಚದ ಹಾಗೆ. ಶನಿವಾರ ಹೊರಡುವ ಮೊದಲು ಅಳಿಯಂದಿರ ಕೈಲಿ ನನಗೊಂದು ಫೋನ್ ಮಾಡಿಸು.