ಕೇಪಿನ ಕೋವಿಗೆ ತೋಟೆಯ ಮದ್ದು ಹಾಕಬಹುದಾ?

ಹೆಬ್ರಿ ತೋಟದವ:
ನಮ್ಮದು ಹೆಬ್ರಿ ಹತ್ತಿರ ಎರಡು ಎಕರೆ ಅಡಿಕೆ, ಸ್ವಲ್ಪ ಗದ್ದೆ. ಅಜ್ಜನ ಕಾಲದ ಕೇಪಿನ ಕೋವಿ ಇದೆ, ಬಾಯಿಯಿಂದ ಮದ್ದು ತುಂಬಿ, ಹಿಂದೆ ಕೇಪು (ಕಿಡಿ ಕೊಡುವ ಸಣ್ಣ ಟೋಪಿ) ಇಟ್ಟು ಹೊಡೆಯುವಂಥದ್ದು. ಬೆಳೆ ರಕ್ಷಣೆ ಲೈಸೆನ್ಸ್ ಈಗ ನನ್ನ ಹೆಸರಲ್ಲಿ. ಹಂದಿ, ಕಾಟಿ ಬಂದರೆ ಹೆದರಿಸಲು ಗಾಳಿಗೆ ಒಂದು ಈಡು, ಅಷ್ಟೇ.

ಈ ಮಳೆಗಾಲ ಸಾಕಾಗಿ ಹೋಯಿತು. ಮೊನ್ನೆ ರಾತ್ರಿ ಕೇಪು ಚಟ್ ಎಂದಿತು, ಮದ್ದು ಹಿಡಿಯಲೇ ಇಲ್ಲ. ಹಂದಿ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಗದ್ದೆ ಅಗೆಯಿತು. ಮದ್ದು ಒಲೆಯ ಮೇಲಿನ ಅಟ್ಟದಲ್ಲೇ ಇಟ್ಟಿದ್ದೇನೆ, ಥಂಡಿ ಆಗಿರಲಿಕ್ಕಿಲ್ಲ. ಹೊಡೆದರೂ ಕಷ್ಟ. ಹೊಗೆ, ಕೊಳೆತ ಮೊಟ್ಟೆಯ ವಾಸನೆ, ತೊಳೆಯಲು ಒಂದು ದಿನ ತಡವಾದರೆ ನಳಿಗೆಯೊಳಗೆ ತುಕ್ಕು.

ಹನ್ನೆರಡು ಬೋರಿನ ತೋಟೆ (ಕಾರ್ತೂಸು) ಬಿಚ್ಚಿ ಅದರ ಮದ್ದು ಹಾಕು, ಹೊಗೆಯೇ ಬರುವುದಿಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅಮೆರಿಕದಲ್ಲಿರುವ ಭಾವ ಮನೆಯಲ್ಲೇ ತೋಟೆ ತುಂಬುತ್ತಾರೆ. ಅವರ ಶೆಡ್ಡಿನಲ್ಲಿ ಏಳೆಂಟು ಬಗೆಯ ಮದ್ದಿನ ಡಬ್ಬ! ನಮಗೆ ಮಾತ್ರ ಕರಿಮದ್ದು ಒಂದೇ ಯಾಕೆ? ಅಜ್ಜನ ಬಿದಿರಿನ ಅಳತೆಯಲ್ಲೇ ಹಾಕಿದರೆ ಆಯ್ತಲ್ವಾ?

ಕಾರ್ಕಳದ ಹಳಬ:
ಮಾರಾಯ್ರೆ, ಬೇಡವೇ ಬೇಡ. ನಳಿಗೆ ಸೀಳಿ ಕೈ ಹೋಗುತ್ತದೆ, ಕಣ್ಣೂ ಹೋಗಬಹುದು.

ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ತೋಟೆಯದ್ದು ಬೇರೆಯೇ ಜಾತಿ, ನೈಟ್ರೋಸೆಲ್ಯುಲೋಸಿನದ್ದು. ಇಕ್ಕಟ್ಟಾದಷ್ಟೂ ಅದರ ಉರಿ ಜೋರು, ಒತ್ತಡ ಏರುತ್ತಲೇ ಹೋಗುತ್ತದೆ. ಕೇಪಿನ ಕೋವಿಯ ನಳಿಗೆ ಅದಕ್ಕೆ ಮಾಡಿದ್ದಲ್ಲ. ಅಜ್ಜನ ಅಳತೆ ಕರಿಮದ್ದಿನದ್ದು. ಅದೇ ಬಿದಿರಿನಲ್ಲಿ ಇದನ್ನು ತುಂಬಿದರೆ ಅದು ಕೋವಿಯಲ್ಲ, ಬಾಂಬು. ಸ್ವಲ್ಪವೇ ಹಾಕುತ್ತೇನೆ, ಬೆರೆಸಿ ಹಾಕುತ್ತೇನೆ ಅನ್ನುವುದೂ ಬೇಡ.

ಇನ್ನು ಒಲೆಯ ಮೇಲಿನ ಅಟ್ಟದಲ್ಲಿ ಮದ್ದು! ಓದಿ ಎದೆ ಧಸಕ್ಕೆಂದಿತು. ಒಂದು ಕಿಡಿ ಸಾಕು. ಇವತ್ತೇ ಇಳಿಸಿ.

ನಿಮ್ಮ ತೊಂದರೆ ಮದ್ದಿನದ್ದಲ್ಲ ಅಂತ ನನಗೆ ಅನುಮಾನ. ತೊಳೆದ ಮೇಲೆ ಏನು ಹಚ್ಚುತ್ತೀರಿ? ಹಿಡಿಯದ ಆ ಈಡು ಇನ್ನೂ ಒಳಗೇ ಇದೆಯಾ?

ಹೆಬ್ರಿ ತೋಟದವ:
ಇಲ್ಲ, ಕೋವಿ ರಿಪೇರಿಯವರ ಹತ್ತಿರ ತೆಗೆಸಿದೆ. ಹಚ್ಚುವುದು ತೆಂಗಿನೆಣ್ಣೆ, ಧಾರಾಳ. ಮದ್ದಿನ ಡಬ್ಬ ಇಳಿಸಿ ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟೆ.

ಸುರತ್ಕಲ್‌ನಿಂದ ಒಹಾಯೋಗೆ:
ನಿಮ್ಮ ಭಾವನ ಹಾಗೆ ನಾನೂ ತೋಟೆ ತುಂಬುವವ. ಇಲ್ಲಿ ಅದು ಕಾನೂನಿನ ಒಳಗೇ ಇರುವ ಹವ್ಯಾಸ. ಊರಲ್ಲಿ ಹಾಗಲ್ಲ, 1959ರ ಆಯುಧ ಕಾಯ್ದೆ ಪ್ರಕಾರ ತೋಟೆ ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು.

ಅಷ್ಟು ಡಬ್ಬ ಇರುವುದು ಶೋಕಿಗಲ್ಲ. ಪಿಸ್ತೂಲಿನ ಗಿಡ್ಡ ನಳಿಗೆಗೆ ಬೇಗ ಉರಿಯುವ ಮದ್ದು, ರೈಫಲ್ಲಿನ ಉದ್ದ ನಳಿಗೆಗೆ ನಿಧಾನದ್ದು. ನನ್ನ .308 ರೈಫಲ್ಲಿಗೆ ವಾರ್ಗೆಟ್ ಎಂಬ ಮದ್ದು ತರುತ್ತೇನೆ. ಬಿಸಿಲಿಗೂ ಹಿಮಕ್ಕೂ ಗುಂಡಿನ ವೇಗ ಜಾಸ್ತಿ ಬದಲಾಗುವುದಿಲ್ಲ. ಆದರೆ ಅದು ಕಡ್ಡಿ ಕಡ್ಡಿಯಾಗಿರುತ್ತದೆ, ಅಳೆಯುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡು ಗುಂಡಾದ ಮದ್ದು ಸಾಸಿವೆ ಹಾಗೆ ಇಳಿಯುತ್ತದೆ.

ನಾನು ಇನ್ನೊಂದು ನೋಡುತ್ತೇನೆ, ಮದ್ದು ತೋಟೆಯೊಳಗೆ ಎಷ್ಟು ಜಾಗ ಹಿಡಿಯುತ್ತದೆ ಅಂತ. ತಳದಲ್ಲಿ ಚೂರೇ ಕೂರುವ ಮದ್ದಾದರೆ ಮರೆತು ಎರಡು ಸಲ ಹಾಕಿದರೂ ಗೊತ್ತಾಗುವುದಿಲ್ಲ. ಮುಕ್ಕಾಲು ತುಂಬುವಂಥದ್ದಾದರೆ ಎರಡನೇ ಸಲ ಉಕ್ಕಿ ಚೆಲ್ಲುತ್ತದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬ. ಅಳತೆ ಕಂಪನಿಯ ಪುಸ್ತಕದಲ್ಲಿದ್ದಷ್ಟೇ, ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಮಿಗೆ ಸುಮಾರು 15 ಗ್ರೇನ್. ನೆರೆಮನೆಯವರ ಮಾತಿಗೆ ಇಲ್ಲಿ ಜಾಗ ಇಲ್ಲ!

ಕಾರ್ಕಳದ ಹಳಬ:
ತೆಂಗಿನೆಣ್ಣೆಯೇ ಕಳ್ಳ. ಕೋವಿ ನಿಲ್ಲಿಸಿಟ್ಟಾಗ ಎಣ್ಣೆ ಇಳಿದು ಕೇಪು ಕೂರುವ ತೂತು ಕಟ್ಟುತ್ತದೆ, ಮದ್ದೂ ನೆನೆಯುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆಯಿರಿ. ಕರಿಮದ್ದಿನ ಮಸಿಯ ಉಪ್ಪು ನೀರಿಗೆ ಕರಗುತ್ತದೆ, ಸೀಮೆಎಣ್ಣೆಗೆ ಅಲ್ಲ. ಒಣಗಿಸಿ ಎಣ್ಣೆ ತೆಳುವಾಗಿ ಹಚ್ಚಿ. ಮದ್ದು ತುಂಬುವ ಮೊದಲು ಎಣ್ಣೆ ಒರೆಸಿ ತೆಗೆದು, ಖಾಲಿ ಕೋವಿಗೆ ಒಂದು ಕೇಪು ಹೊಡೆದು ನೋಡಿ. ಖಾಲಿ ಇದೆ ಅಂತ ಗಜ (ಮದ್ದು ಜಡಿಯುವ ಕೋಲು) ನಳಿಗೆಗೆ ಇಳಿಸಿ ಖಾತ್ರಿ ಮಾಡಿಕೊಂಡೇ.

ಮತ್ತೆ ಯಾವಾಗಲಾದರೂ ಬರೀ ಚಟ್ ಎಂದರೆ ನಳಿಗೆಗೆ ಇಣುಕಬೇಡಿ. ಜನ ಇಲ್ಲದ ಕಡೆ ತಿರುಗಿಸಿ ಒಂದೆರಡು ನಿಮಿಷ ಹಾಗೇ ಹಿಡಿದಿರಿ. ಮದ್ದು ತಡವಾಗಿ ಹಿಡಿಯುವುದೂ ಉಂಟು.

ಹೆಬ್ರಿ ತೋಟದವ:
ಗಜ ಹಾಕಿ ನೋಡಿ, ಅಂಗಳದಲ್ಲಿ ಚಿಟಿಕೆ ಬೂದಿ ಇಟ್ಟು ಅದರ ಮೇಲೆ ಕೋವಿ ಬಾಯಿ ಹಿಡಿದು ಕೇಪು ಹೊಡೆದೆ. ಮೊದಲ ಸಲ ಬೂದಿ ಅಲ್ಲಾಡಲಿಲ್ಲ. ತೂತಿಗೆ ತಂತಿ ಹಾಕಿದರೆ ಕಪ್ಪು ಜಿಡ್ಡು ಬಂತು. ಎರಡನೇ ಕೇಪಿಗೆ ಬೂದಿ ಪೂರ್ತಿ ಹಾರಿ ಹೋಯಿತು.